ತಾರಸಿಯಲ್ಲಿ ಡೀಪ್ ವಾಟರ್ ಕಲ್ಚರ್: ಮಣ್ಣಿಲ್ಲದೆ ಸೊಪ್ಪು ಬೆಳೆಯಲು ಸಮಗ್ರ ಮಾರ್ಗದರ್ಶಿ

ಮಣ್ಣಿಲ್ಲದೆ ನೀರಿನಲ್ಲಿ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ನ ಹಲವು ಪದ್ಧತಿಗಳಲ್ಲಿ, ಬೇರನ್ನು ಆಳದ ನೀರಿನಲ್ಲಿ ಇಳಿಬಿಡುವ ಡೀಪ್ ವಾಟರ್ ಕಲ್ಚರ್‌ನಷ್ಟು ಕಡಿಮೆ ಸಾಮಗ್ರಿ ಬೇಡುವ ಪದ್ಧತಿ ವಿರಳ. ಮುಚ್ಚಳವಿರುವ ಒಂದು ಪೆಟ್ಟಿಗೆ, ಅದರಲ್ಲಿ ಪೋಷಕಾಂಶ ಕರಗಿಸಿದ ನೀರು, ಮುಚ್ಚಳದ ತೂತುಗಳಲ್ಲಿ ಕೂರುವ ಜಾಲರಿ ಕುಂಡಗಳು, ನೀರಿನ ತಳದಲ್ಲಿ ಹಗಲೂ ರಾತ್ರಿಯೂ ಗುಳ್ಳೆ ಎಬ್ಬಿಸುವ ಒಂದೆರಡು ಏರ್ ಸ್ಟೋನ್‌ಗಳು (ಸಣ್ಣ ರಂಧ್ರಗಳಿರುವ ಕಲ್ಲುಗಳು), ಅವುಗಳಿಗೆ ಗಾಳಿ ಊದುವ ಪುಟ್ಟ ಪಂಪು ಇದ್ದರೆ ಸಾಕು. ಪೈಪುಗಳ ಜೋಡಣೆಯಾಗಲಿ, ನೀರನ್ನು ಸುತ್ತಿಸುವ ಮೋಟಾರಾಗಲಿ, ಟೈಮರಾಗಲಿ ಬೇಕಿಲ್ಲ. ಆದರೂ ಇದನ್ನು ಆರಂಭಿಸಿದ ಅನೇಕರು ಮೊದಲ ಬೆಳೆಯಲ್ಲೇ ಬೇರು ಕೊಳೆತು ಕೈಬಿಡುತ್ತಾರೆ. ಅವರಲ್ಲಿ ಹೆಚ್ಚಿನವರ ಗಮನವೆಲ್ಲ ಯಾವ ಗೊಬ್ಬರ, ಎಷ್ಟು ಗ್ರಾಂ ಎಂಬುದರ ಮೇಲೆಯೇ ಇರುತ್ತದೆ. ಬೇರಿಗೆ ಉಸಿರಾಟ ಬೇಕು ಎಂಬುದು, ಆ ಉಸಿರಾಟ ನೀರಿನ ಉಷ್ಣತೆಯನ್ನು ಅವಲಂಬಿಸಿದೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ. ಈ ಲೇಖನದಲ್ಲಿ ಪೆಟ್ಟಿಗೆಯ ಆಯ್ಕೆಯಿಂದ ಕಟಾವಿನವರೆಗೆ ಹೇಳಿರುವ ಪ್ರತಿಯೊಂದು ಹೆಜ್ಜೆಯನ್ನೂ ಆ ದೃಷ್ಟಿಯಿಂದಲೇ ನೋಡಲಾಗಿದೆ. ಉದಾಹರಣೆಯಾಗಿ ಬೆಂಗಳೂರಿನ ಒಂದು ಮನೆಯ ತಾರಸಿಯನ್ನೂ ಆರು ಗಿಡದ ಒಂದು ಪೆಟ್ಟಿಗೆಯನ್ನೂ ಇಟ್ಟುಕೊಂಡಿದ್ದೇನೆ.

ಮಣ್ಣಿನಲ್ಲಿ ಬೇರಿನ ಸುತ್ತ ಕಣಗಳ ನಡುವೆ ಗಾಳಿ ಇರುತ್ತದೆ. ನೀರಿನಲ್ಲಿ ಮುಳುಗಿದ ಬೇರಿಗೆ ಸಿಗುವುದು ನೀರಿನಲ್ಲಿ ಕರಗಿದ ಆಮ್ಲಜನಕ ಮಾತ್ರ, ಮತ್ತು ಅದರ ಪ್ರಮಾಣ ಬಹಳ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಈ ಅಂಕಿಗಳು ಇನ್ನೂ ಶೇಕಡ ಹತ್ತರಷ್ಟು ಕಡಿಮೆ. ನೀರು ಬಿಸಿಯಾದಂತೆಲ್ಲ ಬೇರಿನ ಉಸಿರಾಟದ ವೇಗ ಹೆಚ್ಚುತ್ತದೆ, ಅಂದರೆ ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ಬೇರು ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿಗೆ ಆ ಬಿಸಿ ನೀರೇ ಅನುಕೂಲ. ಆದ್ದರಿಂದ ನೀರನ್ನು 18ರಿಂದ 22 ಡಿಗ್ರಿಯೊಳಗೆ ಇಡುವುದು ಉತ್ತಮ, 25 ಡಿಗ್ರಿ ದಾಟದಂತೆ ಕಾಯುವುದು ಅಗತ್ಯ.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಬರ್ಕ್ಲಿಯಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ 1930ರ ದಶಕದಲ್ಲಿ ದೊಡ್ಡ ತೊಟ್ಟಿಗಳಲ್ಲಿ ಟೊಮ್ಯಾಟೊ ಬೆಳೆದು ತೋರಿಸಿದರು. ಅದೇ ವಿಶ್ವವಿದ್ಯಾಲಯದ ಡೆನ್ನಿಸ್ ಹೋಗ್ಲಂಡ್ ಮತ್ತು ಡೇನಿಯಲ್ ಆರ್ನಾನ್ 1938ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರ ಇಂದಿನ ಬಹುತೇಕ ಮಿಶ್ರಣಗಳಿಗೆ ಆಧಾರ. ನಮ್ಮ ದೇಶದಲ್ಲಿ 1946ರಲ್ಲಿ ಶೋಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗಗಳನ್ನು ಆರಂಭಿಸಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ಮಣ್ಣುರಹಿತ ಕೃಷಿಗಾಗಿ ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ದ್ರವ ಪೋಷಕವನ್ನು ರೂಪಿಸಿದೆ.

ಯಾವ ಬೆಳೆಯಿಂದ ಆರಂಭಿಸಬೇಕು

ಮೊದಲ ಬೆಳೆಗೆ ಲೆಟ್ಯೂಸ್ ಆರಿಸಿಕೊಳ್ಳಿ. ಅದರ ಬೇರು ನೀರಿಗೆ ಬೇಗ ಒಗ್ಗುತ್ತದೆ, ಅದಕ್ಕೆ ಪೋಷಕಾಂಶ ಕಡಿಮೆ ಸಾಕು, ನಾಟಿ ಮಾಡಿದ 30ರಿಂದ 40 ದಿನಗಳಲ್ಲಿ ಕೈಗೆ ಬರುತ್ತದೆ. ತಲೆ ಕಟ್ಟುವ ತಳಿಗಿಂತ ಬಿಡಿ ಎಲೆಯ ತಳಿ ವಾಸಿ. ಮನೆಯಲ್ಲಿ ಲೆಟ್ಯೂಸ್ ತಿನ್ನುವವರಿಲ್ಲದಿದ್ದರೆ ಪಾಲಕ್, ಪುದೀನ, ಹರಿವೆ ಅಥವಾ ಕಾಮಕಸ್ತೂರಿಯ ಬಳಗದ ಬೇಸಿಲ್ ಬೆಳೆಯಬಹುದು. ನಮ್ಮ ಪೇಟೆಯಲ್ಲಿ ಸಿಗುವ ಪಾಲಕ್ ಬೀಟ್‌ರೂಟ್ ಕುಟುಂಬದ ಸೊಪ್ಪಾದ್ದರಿಂದ ಬಿಸಿಲನ್ನು ಲೆಟ್ಯೂಸ್‌ಗಿಂತ ಚೆನ್ನಾಗಿ ತಡೆಯುತ್ತದೆ. ಮಾರ್ಚ್‌ನಿಂದ ಮೇವರೆಗಿನ ಅವಧಿಗೆ ಅದೇ ಸೂಕ್ತ. ಪುದೀನಕ್ಕೆ ಬೀಜವೂ ಬೇಡ, ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿನ ಬಲಿತ ಕಡ್ಡಿಯನ್ನು ಒಂದು ಲೋಟ ನೀರಿನಲ್ಲಿ ಇಟ್ಟರೆ ಒಂದೆರಡು ವಾರದೊಳಗೆ ಬೇರು ಬಿಡುತ್ತದೆ. ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಯಂಥ ಹಣ್ಣುಕಾಯಿ ಬೆಳೆಗಳನ್ನು ಮೊದಲ ಯತ್ನಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಅವುಗಳ ಬೇರಿನ ರಾಶಿ ದೊಡ್ಡದು, ಆಮ್ಲಜನಕದ ಬೇಡಿಕೆ ಹೆಚ್ಚು, ತಿಂಗಳುಗಟ್ಟಲೆ ಒಂದೇ ಪೆಟ್ಟಿಗೆಯಲ್ಲಿ ಇರಬೇಕಾಗುತ್ತದೆ. ಸಣ್ಣ ತಪ್ಪಿಗೂ ದೊಡ್ಡ ಬೆಲೆ ತೆರಬೇಕಾಗುತ್ತದೆ.

ಪೆಟ್ಟಿಗೆಯೂ ಅದರ ಜಾಗವೂ

ಹೆಚ್ಚಿನ ಕೈಪಿಡಿಗಳು 20 ಲೀಟರಿನ ಪ್ಲಾಸ್ಟಿಕ್ ಬಕೆಟ್ ಹೇಳುತ್ತವೆ. ಒಂದೇ ದೊಡ್ಡ ಗಿಡಕ್ಕೆ ಅದು ಸರಿ. ನಮ್ಮ ತಾರಸಿಯ ಬಿಸಿಲಿಗೂ ಆರು ಸೊಪ್ಪಿನ ಗಿಡಗಳಿಗೂ ಮೀನಿನ ಅಂಗಡಿಗೆ ಐಸ್ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆಯೇ ನನ್ನ ಮಟ್ಟಿಗೆ ಹೆಚ್ಚು ಯೋಗ್ಯ, ಏಕೆಂದರೆ ಅದರ ದಪ್ಪ ಗೋಡೆ ಹೊರಗಿನ ಶಾಖವನ್ನು ಒಳಗೆ ಬಿಡದು. ಸುಮಾರು 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರವಿರುವ ಪೆಟ್ಟಿಗೆಯಲ್ಲಿ 20 ಸೆಂಟಿಮೀಟರ್ ಆಳಕ್ಕೆ ತುಂಬಿದರೆ 35ರಿಂದ 40 ಲೀಟರ್ ನೀರು ಹಿಡಿಯುತ್ತದೆ. ನೀರು ಹೆಚ್ಚಿದ್ದಷ್ಟೂ ಅದರ ಉಷ್ಣತೆ, ಪಿಎಚ್ (ಆಮ್ಲೀಯತೆಯ ಅಳತೆ), ಗೊಬ್ಬರದ ಸಾಂದ್ರತೆ ನಿಧಾನವಾಗಿ ಬದಲಾಗುತ್ತವೆ. ಹೊಸಬರಿಗೆ ಈ ನಿಧಾನವೇ ರಕ್ಷಣೆ.

ಪೆಟ್ಟಿಗೆಯನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿಯ ತೆಳು ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, ವಾಸನೆ ಹೋಗುವವರೆಗೆ ಜಾಲಿಸಿ ಒಣಗಿಸಬೇಕು. ಬಳಿಕ ಒಳಗೆ ದಪ್ಪ ಕಪ್ಪು ಪಾಲಿಥಿನ್ ಹಾಳೆ ಹಾಸಿ, ಮೂಲೆಗಳಲ್ಲಿ ಕತ್ತರಿಸದೆ ಮಡಚಿ ಕೂರಿಸಿ, ಅಂಚನ್ನು ಹೊರಕ್ಕೆ ಮಡಿಸಿ ಟೇಪಿನಿಂದ ಬಿಗಿಯಬೇಕು. ಕಪ್ಪು ಹಾಳೆಯ ಉದ್ದೇಶ ಸೋರಿಕೆ ತಡೆಯುವುದಷ್ಟೇ ಅಲ್ಲ. ಬಿಳಿ ಥರ್ಮಾಕೋಲ್‌ನ ಮೂಲಕ ಬೆಳಕು ಸೋಸಿ ಒಳಗೆ ಬರುತ್ತದೆ. ಬೆಳಕು, ನೀರು, ಗೊಬ್ಬರ ಮೂರೂ ಸೇರಿದ ಕಡೆ ಪಾಚಿ ಖಚಿತ. ಪಾಚಿ ಪೋಷಕಾಂಶ ಕದಿಯುವುದಲ್ಲದೆ, ಸತ್ತು ಕೊಳೆಯುವಾಗ ಬೇರಿನ ಆಮ್ಲಜನಕವನ್ನೂ ಕಬಳಿಸುತ್ತದೆ. ಮುಚ್ಚಳದ ಒಳಮೈಗೂ ಇದೇ ಹಾಳೆ ಅಂಟಿಸಿ. ಪೆಟ್ಟಿಗೆಯ ಹೊರಮೈ ಬಿಳಿಯಾಗಿಯೇ ಇರಲಿ, ಬಿಸಿಲು ಹಿಂದಿರುಗುತ್ತದೆ. ಪ್ಲಾಸ್ಟಿಕ್ ಬಕೆಟ್ ಬಳಸುವುದಾದರೆ ಆಹಾರ ದರ್ಜೆಯದನ್ನು ಆರಿಸಿ, ಹೊರಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಬಳಿಯಿರಿ.

ಮುಚ್ಚಳದಲ್ಲಿ ಎರಡು ಸಾಲಿನಂತೆ ಆರು ತೂತು ಮಾಡಿ, ಒಂದರಿಂದೊಂದಕ್ಕೆ 18ರಿಂದ 20 ಸೆಂಟಿಮೀಟರ್ ಅಂತರವಿಡಿ. ಎರಡು ಇಂಚಿನ ಜಾಲರಿ ಕುಂಡವನ್ನು ಬೋರಲು ಇಟ್ಟು ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, ಆ ಗೆರೆಯಿಂದ ಎರಡು ಮೂರು ಮಿಲಿಮೀಟರ್ ಒಳಗೆ ಕಟ್ಟರ್ ಬ್ಲೇಡಿನಿಂದ ಕೊರೆದರೆ ಕುಂಡ ಜಾರದೆ ಅಂಚಿನ ಮೇಲೆ ಕೂರುತ್ತದೆ. ಗಾಳಿಯ ಕೊಳವೆಗೆ ಒಂದು ಸಣ್ಣ ತೂತು, ಅಳತೆಗೂ ನೀರು ಸೇರಿಸಲಿಕ್ಕೂ ಬಿರಡೆಯಿರುವ ಇನ್ನೊಂದು ತೂತು ಬೇಕು.

ಸೊಳ್ಳೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲಿಯೇ. ಪಂಪು ನೀರನ್ನು ಕದಡುತ್ತಿರುತ್ತದೆ ಎಂದು ನಂಬಿ ಸುಮ್ಮನಿರುವುದು ತಪ್ಪು. ಮುಚ್ಚಳ ಬಿಗಿಯಾಗಿ ಕೂರಬೇಕು, ಗಿಡವಿಲ್ಲದ ತೂತಿಗೆ ಬಟ್ಟೆಯ ಅಥವಾ ಥರ್ಮಾಕೋಲ್‌ನ ಬಿರಡೆ ಹಾಕಬೇಕು, ಕೊಳವೆಯ ಸುತ್ತಲ ಸಂದಿಗೆ ಹತ್ತಿ ತುರುಕಬೇಕು. ನಿಮ್ಮ ಮನೆಯಷ್ಟೇ ಅಲ್ಲ, ಅಕ್ಕಪಕ್ಕದವರ ಆರೋಗ್ಯವೂ ಇದರಲ್ಲಿದೆ.

ಜಾಗ ಹುಡುಕುವಾಗ ಬೆಳಗಿನ ಬಿಸಿಲು ಐದಾರು ಗಂಟೆ ಬೀಳುವ, ಮಧ್ಯಾಹ್ನದ ನಂತರ ಗೋಡೆಯ ನೆರಳು ಬರುವ ಮೂಲೆ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಬೇಸಿಗೆಯಲ್ಲಿ ಶೇಕಡ 50ರ ಶೇಡ್ ನೆಟ್ ಕಟ್ಟಬೇಕು. ಪೆಟ್ಟಿಗೆಯನ್ನು ತಾರಸಿಯ ನೆಲದ ಮೇಲೆ ನೇರವಾಗಿ ಇಡದೆ ನಾಲ್ಕು ಇಟ್ಟಿಗೆಗಳ ಮೇಲೆ ಎತ್ತಿ ಇಡಿ. ಏಪ್ರಿಲ್‌ನ ಮಧ್ಯಾಹ್ನ ಕಾದ ಕಾಂಕ್ರೀಟು ಸಂಜೆಯವರೆಗೂ ತಳದಿಂದ ನೀರನ್ನು ಬಿಸಿ ಮಾಡುತ್ತಲೇ ಇರುತ್ತದೆ. ಒಂದು ಪೆಟ್ಟಿಗೆ 40 ಕಿಲೋಗಿಂತ ಹೆಚ್ಚು ತೂಗುವುದರಿಂದ ಹಲವು ಪೆಟ್ಟಿಗೆ ಇಡುವವರು ತಾರಸಿಯ ನಡುವೆ ಇಡದೆ, ಗೋಡೆ ಅಥವಾ ಬೀಮ್ ಹಾದುಹೋಗುವ ಕಡೆ ಇಡುವುದು ಒಳ್ಳೆಯದು.

ಗಾಳಿ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಎರಡು ಬಾಯಿಯ ಏರ್ ಪಂಪು ಈ ಪೆಟ್ಟಿಗೆಗೆ ಸಾಕು. ಐದು ಲೀಟರ್ ನೀರಿಗೆ ನಿಮಿಷಕ್ಕೆ ಒಂದು ಲೀಟರ್ ಗಾಳಿ ಎಂಬ ಲೆಕ್ಕದಲ್ಲಿ ಒಟ್ಟು ಏಳೆಂಟು ಲೀಟರ್ ಗಾಳಿ ಕೊಡುವ ಪಂಪು ಕೊಳ್ಳಿ. ಎರಡು ಏರ್ ಸ್ಟೋನ್‌ಗಳನ್ನು ಪೆಟ್ಟಿಗೆಯ ಎರಡು ತುದಿಗಳಲ್ಲಿ ಇಡಿ. ಒಂದು ಕಟ್ಟಿಕೊಂಡರೂ ಇನ್ನೊಂದು ನಡೆಯುತ್ತಿರುತ್ತದೆ. ಸಣ್ಣ ಗುಳ್ಳೆಗಳು ಹೆಚ್ಚು ಆಮ್ಲಜನಕ ಕೊಡುತ್ತವೆ, ಆದ್ದರಿಂದ ಕಲ್ಲು ಹಳತಾಗಿ ದಪ್ಪ ಗುಳ್ಳೆ ಬಿಡಲಾರಂಭಿಸಿದರೆ ಬದಲಿಸಬೇಕು. ಐದು ವಾಟ್‌ನ ಪಂಪು ಇಪ್ಪತ್ತನಾಲ್ಕು ಗಂಟೆ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ವಿದ್ಯುತ್ ಆಗುವುದಿಲ್ಲ. ಹಾಗಾಗಿ ಉಳಿತಾಯಕ್ಕೆಂದು ರಾತ್ರಿ ಪಂಪು ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ಬೇರು ರಾತ್ರಿಯೂ ಉಸಿರಾಡುತ್ತದೆ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಮಳೆ ತಾಗದ ಕಡೆ ತೂಗುಹಾಕಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ, ವಿದ್ಯುತ್ ಆಘಾತದ ಅಪಾಯವೂ ಇರುತ್ತದೆ. ಅನಿವಾರ್ಯವಾದರೆ ಕೊಳವೆಯ ಮಧ್ಯೆ ಹಿಮ್ಮುಖ ಹರಿವು ತಡೆಯುವ ಸಣ್ಣ ವಾಲ್ವ್ ಸೇರಿಸಿ.

ಕರೆಂಟು ಹೋದರೆ ಗತಿಯೇನು ಎಂಬುದು ಎಲ್ಲರ ಮೊದಲ ಪ್ರಶ್ನೆ. ಇದಕ್ಕೆ ಅತ್ಯುತ್ತಮ ಪರಿಹಾರ ನೀರಿನ ಮಟ್ಟದಲ್ಲಿಯೇ ಇದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರ್ಯಾಟ್ಕಿ ಅವರು ಪಂಪೇ ಇಲ್ಲದ ಪದ್ಧತಿಯೊಂದನ್ನು ರೂಪಿಸಿದರು. ಅದರಲ್ಲಿ ನೀರು ಇಳಿದಂತೆ ಮೇಲೆ ಉಳಿಯುವ ತೇವದ ಅವಕಾಶದಲ್ಲಿ ಬೇರುಗಳು ನೇರವಾಗಿ ಗಾಳಿಯಿಂದ ಆಮ್ಲಜನಕ ಪಡೆಯುತ್ತವೆ. ಪಂಪು ಇರುವ ಪೆಟ್ಟಿಗೆಯಲ್ಲೂ ಬೇರು ಬೆಳೆದ ಮೇಲೆ ಕುಂಡದ ತಳಕ್ಕೂ ನೀರಿಗೂ ನಡುವೆ ಮೂರರಿಂದ ಐದು ಸೆಂಟಿಮೀಟರ್ ಅಂತರ ಉಳಿಸಿದರೆ, ಕೆಲವು ಗಂಟೆಗಳ ಕಾಲ ಕರೆಂಟು ಇಲ್ಲದಿದ್ದರೂ ಸೊಪ್ಪಿನ ಗಿಡಗಳು ತಾಳಿಕೊಳ್ಳುತ್ತವೆ. ಮನೆಯ ಯುಪಿಎಸ್ ಸಾಲಿಗೆ ಪಂಪನ್ನು ಸೇರಿಸಿಕೊಂಡರೆ ಚಿಂತೆಯೇ ಇಲ್ಲ.

ನೀರು

ಯಾವ ಗೊಬ್ಬರವನ್ನೂ ಕೊಳ್ಳುವ ಮೊದಲು ನಿಮ್ಮ ನೀರನ್ನು ಅಳೆಯಿರಿ. ಅದಕ್ಕೆ ಇಸಿ ಮೀಟರ್ ಮತ್ತು ಪಿಎಚ್ ಮೀಟರ್ ಎರಡೂ ಬೇಕು, ಇವುಗಳಲ್ಲಿ ರಾಜಿ ಬೇಡ. ಇಸಿ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುವ ರೀತಿ. ಮನೆಯಲ್ಲಿ ಟಿಡಿಎಸ್ ಮೀಟರ್ ಇದ್ದರೆ, ಅಂಥ ಹೆಚ್ಚಿನ ಮೀಟರ್‌ಗಳಲ್ಲಿ 500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 500 ಭಾಗ) ಎಂದರೆ ಇಸಿ ಒಂದು ಎಂದು ಲೆಕ್ಕ. ಕೆಲವು ಮೀಟರ್‌ಗಳಲ್ಲಿ ಅದು 700 ಇರುತ್ತದೆ, ಆದ್ದರಿಂದ ಮೀಟರಿನ ಡಬ್ಬಿಯ ಮೇಲಿನ ವಿವರ ಓದಿ. ಈ ಗೊಂದಲದಿಂದಾಗಿಯೇ ನಾನು ಮುಂದೆ ಇಸಿಯನ್ನಷ್ಟೇ ಹೇಳುತ್ತೇನೆ. ಅದರ ಏಕಮಾನ ಸೆಂಟಿಮೀಟರಿಗೆ ಮಿಲಿಸೀಮೆನ್ಸ್.

ಕಾವೇರಿ ನೀರಿನಲ್ಲಿ ಲವಣ ಕಡಿಮೆ. ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಬಳಸಬಹುದು. ಬೋರ್‌ವೆಲ್ ನೀರಿನದೇ ನಿಜವಾದ ಸಮಸ್ಯೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಅದು ಗಡಸಾಗಿದ್ದು, ಅದರಲ್ಲಿರುವ ಬೈಕಾರ್ಬನೇಟ್ ಎಷ್ಟು ಆಮ್ಲ ಹಾಕಿದರೂ ಪಿಎಚ್ ಅನ್ನು ಮರುದಿನ ಮತ್ತೆ ಮೇಲಕ್ಕೆ ಎಳೆಯುತ್ತದೆ. ಗೊಬ್ಬರ ಹಾಕುವ ಮೊದಲೇ ಇಸಿ 0.8 ಮೀರಿದ್ದರೆ ಆ ನೀರನ್ನು ಹಾಗೆಯೇ ಬಳಸದೆ, ಸಂಗ್ರಹಿಸಿದ ಮಳೆ ನೀರನ್ನೋ ಆರ್‌ಒ ನೀರನ್ನೋ ಬೆರೆಸಿ 0.4ರ ಆಸುಪಾಸಿಗೆ ಇಳಿಸಿಕೊಳ್ಳಬೇಕು. ಮಳೆ ಕೊಯ್ಲಿನ ಸಂಪು ಇರುವ ಮನೆಯವರಿಗೆ ಈ ಕೃಷಿ ಅರ್ಧ ಸುಲಭವಾದಂತೆ. ಆರ್‌ಒ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರಿನಲ್ಲಿ ಲವಣ ಸಾಂದ್ರವಾಗಿರುವುದರಿಂದ ಅದನ್ನು ಮಾತ್ರ ಬಳಸಬಾರದು.

ಪೋಷಕ ದ್ರಾವಣ

ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ 19:19:19. ಮಣ್ಣಿಗೆ ಅದು ಒಳ್ಳೆಯ ಗೊಬ್ಬರವೇ. ಆದರೆ ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸಿ ಬೇರಿಗೆ ಉಣಿಸುತ್ತವೆ, ನಮ್ಮ ಪೆಟ್ಟಿಗೆಯಲ್ಲಿ ಆ ಕೆಲಸಕ್ಕೆ ಸಾಕಷ್ಟು ಜೀವಿಗಳಿಲ್ಲ. ಕ್ಯಾಲ್ಸಿಯಂ ಅಂತೂ ಅದರಲ್ಲಿ ಇಲ್ಲವೇ ಇಲ್ಲ. ಗೋಮೂತ್ರ, ಜೀವಾಮೃತ, ಹಿಂಡಿ ನೀರು ಮುಂತಾದವುಗಳನ್ನೂ ಈ ಪೆಟ್ಟಿಗೆಗೆ ಹಾಕಬಾರದು, ಏಕೆಂದರೆ ಸಾವಯವ ಪದಾರ್ಥ ಕೊಳೆಯುವಾಗ ಮೊದಲು ಬಲಿಯಾಗುವುದು ನೀರಿನ ಆಮ್ಲಜನಕ.

ಸಿದ್ಧ ಹೈಡ್ರೋಪೋನಿಕ್ಸ್ ಪೋಷಕವನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಲ್ಲಿ ಮಾರುತ್ತಾರೆ. ಆರಂಭಕ್ಕೆ ಅದನ್ನೇ ಕೊಂಡರೂ ಸರಿ. ಸ್ವತಃ ಮಾಡಿಕೊಳ್ಳುವವರಿಗೆ 100 ಲೀಟರ್ ಪೂರ್ಣ ಸಾಂದ್ರತೆಯ ದ್ರಾವಣಕ್ಕೆ ಸೊಪ್ಪಿನ ಬೆಳೆಗೆ ಒಪ್ಪುವ ಒಂದು ಅಳತೆ ಹೀಗಿದೆ: ಕ್ಯಾಲ್ಸಿಯಂ ನೈಟ್ರೇಟ್ 80 ಗ್ರಾಂ, 13:0:45 ಹೆಸರಿನಲ್ಲಿ ಸಿಗುವ ಪೊಟ್ಯಾಸಿಯಂ ನೈಟ್ರೇಟ್ 40 ಗ್ರಾಂ, 0:52:34 ಎನ್ನುವ ಮೋನೋ ಪೊಟ್ಯಾಸಿಯಂ ಫಾಸ್ಫೇಟ್ 20 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 40 ಗ್ರಾಂ, ಶೇಕಡ 11ರಿಂದ 12 ಕಬ್ಬಿಣವಿರುವ ಚಿಲೇಟೆಡ್ (ನೀರಿನಲ್ಲಿ ಕರಗಿಯೇ ಉಳಿಯುವ ರೂಪದ) ಕಬ್ಬಿಣ 1.7 ಗ್ರಾಂ. ಇವುಗಳ ಜೊತೆಗೆ ಬೋರಾನ್, ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂ ಇರುವ ಚಿಲೇಟೆಡ್ ಲಘುಪೋಷಕಾಂಶ ಮಿಶ್ರಣವನ್ನು ಅದರ ಪೊಟ್ಟಣದಲ್ಲಿ ಹೈಡ್ರೋಪೋನಿಕ್ಸ್‌ಗೆ ಸೂಚಿಸಿದ ಪ್ರಮಾಣದಲ್ಲಿ ಸೇರಿಸಬೇಕು. ಇಷ್ಟರಿಂದ ಸಾರಜನಕ ಸುಮಾರು 175 ಪಿಪಿಎಂ, ರಂಜಕ 45, ಪೊಟ್ಯಾಸಿಯಂ 205, ಕ್ಯಾಲ್ಸಿಯಂ 150, ಮೆಗ್ನೀಸಿಯಂ 38 ಪಿಪಿಎಂ ದೊರೆಯುತ್ತವೆ. ಇಸಿ ಎರಡರ ಹತ್ತಿರ ಬರುತ್ತದೆ. ಗ್ರಾಂ ತೂಗಲು ಆಭರಣದ ಅಂಗಡಿಯಲ್ಲಿರುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು.

ಈ ಎಲ್ಲವನ್ನೂ ಒಂದೇ ಬಾಟಲಿಯಲ್ಲಿ ಕರಗಿಸಬಾರದು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಮತ್ತು ಫಾಸ್ಫೇಟ್‌ಗಳೊಂದಿಗೆ ಕೂಡಿ ಕರಗದ ಬಿಳಿ ಗಸಿಯಾಗಿ ತಳ ಸೇರುತ್ತದೆ. ಅಲ್ಲಿಂದ ಅದು ಬೇರಿಗೆ ಸಿಗದು. ಆದ್ದರಿಂದ ಎ ಬಾಟಲಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಪೂರ್ತಿ, ಪೊಟ್ಯಾಸಿಯಂ ನೈಟ್ರೇಟಿನ ಅರ್ಧ ಮತ್ತು ಕಬ್ಬಿಣವನ್ನು ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ. ಬಿ ಬಾಟಲಿಯಲ್ಲಿ ಉಳಿದರ್ಧ ಪೊಟ್ಯಾಸಿಯಂ ನೈಟ್ರೇಟ್, ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ಮತ್ತು ಲಘುಪೋಷಕಾಂಶ ಸೇರಿಸಿ ಇನ್ನೊಂದು ಲೀಟರ್ ಮಾಡಿ. ಬೆಳಕು ತಾಗದ ಕಡೆ, ಮಕ್ಕಳ ಕೈಗೆಟುಕದಂತೆ, ಹೆಸರು ಬರೆದ ಚೀಟಿ ಅಂಟಿಸಿ ಇಡಿ. ಲೀಟರ್ ನೀರಿಗೆ ಎರಡರಿಂದಲೂ ಹತ್ತು ಹತ್ತು ಮಿಲಿಲೀಟರ್ ಹಾಕಿದರೆ ಪೂರ್ಣ ಸಾಂದ್ರತೆ. 40 ಲೀಟರಿನ ಪೆಟ್ಟಿಗೆಗೆ ಎಳೆ ಸಸಿಯ ಹಂತದಲ್ಲಿ ಅರ್ಧ ಸಾಂದ್ರತೆ ಸಾಕಾದ್ದರಿಂದ ಎರಡರಿಂದಲೂ 200 ಮಿಲಿಲೀಟರ್ ಬೇಕು. ಮೊದಲು ಎ ಹಾಕಿ ಚೆನ್ನಾಗಿ ಕಲಕಿ, ಅದು ಪೂರ್ತಿ ಬೆರೆತ ನಂತರವೇ ಬಿ ಹಾಕಿ. ಲೆಟ್ಯೂಸ್ ಬೆಳೆದ ಮೇಲೆ ಇಸಿಯನ್ನು 1.2ರಿಂದ 1.4ಕ್ಕೆ, ಪಾಲಕ್ ಆದರೆ 1.6ರಿಂದ 2ಕ್ಕೆ ಏರಿಸಬಹುದು.

ಪಿಎಚ್ ಹೊಂದಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಏಕೆಂದರೆ ಗೊಬ್ಬರ ಬೆರೆತಾಗ ಅದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. 5.5ರಿಂದ 6.5ರ ನಡುವೆ ಇದ್ದರೆ ಎಲ್ಲ ಪೋಷಕಾಂಶಗಳೂ ಬೇರಿಗೆ ಒದಗುತ್ತವೆ. ಏಳರ ಮೇಲೆ ಹೋದರೆ ಮೊದಲು ಕೈತಪ್ಪುವುದು ಕಬ್ಬಿಣ. ಇಳಿಸಲು ಫಾಸ್ಫಾರಿಕ್ ಆಮ್ಲ ಬಳಸಿ. 90 ಮಿಲಿಲೀಟರ್ ನೀರಿಗೆ 10 ಮಿಲಿಲೀಟರ್ ಆಮ್ಲವನ್ನು ನಿಧಾನವಾಗಿ ಸುರಿದು ತೆಳುವಾಗಿಸಿಕೊಳ್ಳಬೇಕು. ಆಮ್ಲದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು, ಕೈಗವಸು ಮತ್ತು ಕನ್ನಡಕ ಇಲ್ಲದೆ ಬಾಟಲಿ ತೆರೆಯಬಾರದು. ತೆಳು ಆಮ್ಲವನ್ನು ಒಂದೊಂದೇ ಮಿಲಿಲೀಟರ್ ಹಾಕಿ, ಕಲಕಿ, ಐದು ನಿಮಿಷ ಬಿಟ್ಟು ಅಳೆಯಿರಿ. ನಿಂಬೆರಸ, ವಿನಿಗರ್‌ಗಳ ಪರಿಣಾಮ ಒಂದೆರಡು ದಿನದ್ದು ಮಾತ್ರ, ಜೊತೆಗೆ ಅವು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಪಿಎಚ್ ಮೀಟರನ್ನು ಅದರೊಂದಿಗೆ ಬರುವ ಪುಡಿಗಳ ದ್ರಾವಣದಲ್ಲಿ ಎರಡು ವಾರಕ್ಕೊಮ್ಮೆ ಸರಿಹೊಂದಿಸದಿದ್ದರೆ ಅದು ಸುಳ್ಳು ಹೇಳಲಾರಂಭಿಸುತ್ತದೆ.

ಬೀಜದಿಂದ ನಾಟಿಯವರೆಗೆ

ಒಂದಿಂಚಿನ ಸ್ಪಂಜಿನ ಚೌಕಗಳನ್ನು ನೀರಿನಲ್ಲಿ ಹಿಂಡಿ ನೆನೆಸಿ, ಮೇಲಿನ ಸೀಳಿನಲ್ಲಿ ಎರಡೆರಡು ಬೀಜ ಇಡಿ. ಕೋಕೋಪೀಟ್‌ನಲ್ಲೂ ಸಸಿ ಚೆನ್ನಾಗಿ ಬರುತ್ತದೆ, ಆದರೆ ಅದರ ಪುಡಿ ಉದುರಿ ಏರ್ ಸ್ಟೋನ್ ಮುಚ್ಚಿಕೊಳ್ಳುವುದರಿಂದ ಈ ಪದ್ಧತಿಗೆ ಸ್ಪಂಜು ಅಥವಾ ಕಲ್ಲಿನ ನಾರಿನಿಂದ ಮಾಡಿದ ರಾಕ್‌ವೂಲ್ ವಾಸಿ. ಲೆಟ್ಯೂಸ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಆದ್ದರಿಂದ ಆಳಕ್ಕೆ ತುರುಕಬೇಡಿ. ಇನ್ನೊಂದು ಸಂಗತಿ ಬೇಸಿಗೆಯಲ್ಲಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ: ಉಷ್ಣತೆ 28–30 ಡಿಗ್ರಿ ದಾಟಿದರೆ ಲೆಟ್ಯೂಸ್ ಬೀಜ ಜೀವಂತವಿದ್ದರೂ ಮೊಳೆಯದೆ ಸುಪ್ತಾವಸ್ಥೆಗೆ ಹೋಗುತ್ತದೆ. ಬೀಜ ಕೆಟ್ಟದ್ದೆಂದು ಎಸೆಯುವ ಮೊದಲು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ತೆಗೆದು, ಮನೆಯೊಳಗಿನ ತಂಪು ಜಾಗದಲ್ಲಿ ಬಿತ್ತಿ ನೋಡಿ.

ಮೊಳಕೆ ಕಂಡ ದಿನದಿಂದಲೇ ಚೆನ್ನಾದ ಬೆಳಕು ಕೊಡಬೇಕು. ಇಲ್ಲದಿದ್ದರೆ ಸಸಿ ನೂಲಿನಂತೆ ಉದ್ದವಾಗಿ ಬಾಗುತ್ತದೆ. ಬೀಜದೆಲೆಗಳು ಬಿಚ್ಚಿದ ಮೇಲೆ ಬರಿ ನೀರಿನ ಬದಲು ಕಾಲು ಸಾಂದ್ರತೆಯ ದ್ರಾವಣ ಕೊಡಿ, ಸ್ಪಂಜಿಗೊಂದೇ ಸಸಿ ಉಳಿಸಿ. ಎರಡು ವಾರದ ಹೊತ್ತಿಗೆ ಎರಡು ಮೂರು ನಿಜವಾದ ಎಲೆ ಬಂದು ಸ್ಪಂಜಿನ ತಳದಿಂದ ಬಿಳಿ ಬೇರು ಇಣುಕಿದರೆ ನಾಟಿಗೆ ಸಿದ್ಧ. ಜೇಡಿಮಣ್ಣಿನ ಸುಟ್ಟ ಗುಂಡುಗಳನ್ನು ಕೆಂಪು ನೀರು ನಿಲ್ಲುವವರೆಗೆ ತೊಳೆದು, ಸ್ಪಂಜನ್ನು ಜಾಲರಿ ಕುಂಡದಲ್ಲಿಟ್ಟು, ಸುತ್ತ ಗುಂಡು ತುಂಬಿಸಿ. ಸ್ಪಂಜಿನ ಮೇಲ್ಭಾಗಕ್ಕೆ ಬೆಳಕು ಬಿದ್ದರೆ ಅಲ್ಲಿಯೂ ಪಾಚಿ ಕಟ್ಟುತ್ತದೆ, ಆದ್ದರಿಂದ ಅದನ್ನೂ ಗುಂಡುಗಳಿಂದ ಮುಚ್ಚಿ. ಮೊದಲ ವಾರ ನೀರಿನ ಮಟ್ಟ ಕುಂಡದ ತಳಕ್ಕೆ ಒಂದು ಸೆಂಟಿಮೀಟರ್‌ನಷ್ಟು ತಾಗುವಂತಿರಲಿ. ಬೇರು ಕೆಳಗಿಳಿದು ನೀರಿನಲ್ಲಿ ಹರಡಿಕೊಂಡ ಮೇಲೆ ಮಟ್ಟವನ್ನು ಹಿಂದೆ ಹೇಳಿದ ಮೂರರಿಂದ ಐದು ಸೆಂಟಿಮೀಟರ್ ಅಂತರಕ್ಕೆ ಇಳಿಸಿ, ಮತ್ತೆಂದೂ ಕುಂಡ ಮುಳುಗುವಂತೆ ತುಂಬಬೇಡಿ. ಗಾಳಿಗೆ ಒಗ್ಗಿದ ಮೇಲ್ಬೇರನ್ನು ಮುಳುಗಿಸಿದರೆ ಅದಕ್ಕೆ ಉಸಿರು ಕಟ್ಟುತ್ತದೆ.

ದಿನನಿತ್ಯದ ನಿಗಾ

ಬೆಳಿಗ್ಗೆ ಐದು ನಿಮಿಷ ಸಾಕು: ಗುಳ್ಳೆ ಬರುತ್ತಿದೆಯೇ, ನೀರಿನ ಮಟ್ಟ ಎಷ್ಟು, ಇಸಿ ಎಷ್ಟು, ಪಿಎಚ್ ಎಷ್ಟು ಎಂದು ನೋಡಿ ಬರೆದಿಡಿ. ಒಂದೇ ದಿನದ ಅಂಕಿಗಿಂತ ಅದು ಯಾವ ಕಡೆ ಸರಿಯುತ್ತಿದೆ ಎಂಬುದೇ ಮುಖ್ಯ. ಮಟ್ಟ ಇಳಿದು ಇಸಿ ಏರಿದ್ದರೆ ಗಿಡ ಗೊಬ್ಬರಕ್ಕಿಂತ ನೀರನ್ನು ಹೆಚ್ಚು ಕುಡಿದಿದೆ, ಬರಿ ನೀರು ಸೇರಿಸಿ. ಇಸಿಯೂ ಇಳಿದಿದ್ದರೆ ಪೋಷಕ ದ್ರಾವಣ ಸೇರಿಸಿ. ಚೆನ್ನಾಗಿ ಬೆಳೆಯುತ್ತಿರುವ ಗಿಡ ನೈಟ್ರೇಟ್ ಹೀರುವಾಗ ಪಿಎಚ್ ನಿಧಾನವಾಗಿ ಏರುವುದು ಸಹಜ, 6.5ರವರೆಗೆ ಬಿಡಿ, ನಂತರ 5.8ಕ್ಕೆ ಇಳಿಸಿ. ಎರಡು ವಾರಕ್ಕೊಮ್ಮೆ ಪೂರ್ತಿ ದ್ರಾವಣ ಬದಲಿಸಬೇಕು, ಏಕೆಂದರೆ ಇಸಿ ಸರಿಯಿದ್ದರೂ ಅದರೊಳಗಿನ ಪೋಷಕಾಂಶಗಳ ಪ್ರಮಾಣ ಏರುಪೇರಾಗಿರುತ್ತದೆ. ಹಳೆಯ ನೀರನ್ನು ಚರಂಡಿಗೆ ಬಿಡದೆ ತಾರಸಿಯ ಕರಿಬೇವು, ದಾಸವಾಳದ ಕುಂಡಗಳಿಗೆ ಹಂಚಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಒಮ್ಮೆ ನೀರಿನ ಉಷ್ಣತೆಯನ್ನೂ ನೋಡಬೇಕು. 25 ಡಿಗ್ರಿ ಮೀರುತ್ತಿದ್ದರೆ, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ ಒಂದು ಲೀಟರಿನ ನೀರಿನ ಬಾಟಲಿಯನ್ನು ಹೊರಮೈ ತೊಳೆದು ಹಾಗೆಯೇ ಪೆಟ್ಟಿಗೆಯೊಳಗೆ ಇಳಿಸಿ. 40 ಲೀಟರ್ ನೀರನ್ನು ಅದು ಸುಮಾರು ಎರಡೂವರೆ ಡಿಗ್ರಿ ತಣಿಸಬಲ್ಲದು, ಥರ್ಮಾಕೋಲ್ ಗೋಡೆ ಆ ತಂಪನ್ನು ಸಂಜೆಯವರೆಗೆ ಕಾಯುತ್ತದೆ. ಇಷ್ಟು ಮಾಡಲಾಗದವರು ಆ ಎರಡು ತಿಂಗಳು ಲೆಟ್ಯೂಸ್ ಬಿಟ್ಟು ಪಾಲಕ್, ಹರಿವೆಗೆ ಹೋಗುವುದು ಜಾಣತನ.

ತೊಂದರೆ ಕಂಡಾಗ

ವಾರಕ್ಕೊಮ್ಮೆ ಒಂದು ಕುಂಡ ಎತ್ತಿ ಬೇರನ್ನು ನೋಡಿ, ಮೂಸಿ. ಆರೋಗ್ಯವಂತ ಬೇರು ಬಿಳಿ ಅಥವಾ ಕೆನೆ ಬಣ್ಣದ್ದಾಗಿ, ಹಿಡಿದರೆ ಗಟ್ಟಿಯಾಗಿ, ವಾಸನೆಯಿಲ್ಲದೆ ಇರುತ್ತದೆ. ಗೊಬ್ಬರದ ಕಬ್ಬಿಣದಿಂದ ಕಂದು ಛಾಯೆ ಬಂದಿದ್ದರೂ ಬೇರು ಗಟ್ಟಿಯಿದ್ದರೆ ಹೆದರಬೇಕಿಲ್ಲ. ಲೋಳೆಯಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಕೈಗೆ ಬಂದು, ಚರಂಡಿಯ ವಾಸನೆ ಹೊಡೆದರೆ ಅದು ಬೇರು ಕೊಳೆ. ತಡಮಾಡದೆ ಕೊಳೆತ ಭಾಗ ಕತ್ತರಿಸಿ, ಬೇರನ್ನು ಶುದ್ಧ ನೀರಿನಲ್ಲಿ ತೊಳೆದು, ಪೆಟ್ಟಿಗೆ ತಿಕ್ಕಿ ತೊಳೆದು, ತಂಪಾದ ಹೊಸ ದ್ರಾವಣವನ್ನು ಅರ್ಧ ಸಾಂದ್ರತೆಯಲ್ಲಿ ತುಂಬಿಸಿ. ಅಷ್ಟರಿಂದ ಗಿಡ ಉಳಿಯಬಹುದು, ಆದರೆ ಮೂಲ ಕಾರಣವಾದ ಶಾಖವನ್ನೋ ಗಾಳಿಯ ಕೊರತೆಯನ್ನೋ ಸರಿಪಡಿಸದಿದ್ದರೆ ರೋಗ ಮರಳುತ್ತದೆ. ಬಿಸಿಲಿನಲ್ಲಿ ನೀರು ತುಂಬಿದ ಪೆಟ್ಟಿಗೆಯ ಮೇಲೆಯೇ ಗಿಡ ಬಾಡುತ್ತಿದ್ದರೆ ಮೊದಲು ಬೇರನ್ನು ನೋಡಬೇಕೆಂಬುದಕ್ಕೆ ಇದೇ ಕಾರಣ.

ಎಲೆಗಳ ಭಾಷೆ ಇಷ್ಟು ಕಲಿತರೆ ಸಾಕು. ಹೊಸ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣ ಸಿಗುತ್ತಿಲ್ಲ, ಹೆಚ್ಚಾಗಿ ಪಿಎಚ್ ಏರಿರುತ್ತದೆ. ಕಬ್ಬಿಣ ಸುರಿಯುವ ಮೊದಲು ಅದನ್ನು ಅಳೆಯಿರಿ. ಅದೇ ಲಕ್ಷಣ ಹಳೆಯ ಎಲೆಗಳಲ್ಲಿ ಕಂಡರೆ ಮೆಗ್ನೀಸಿಯಂ ಕೊರತೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ಲೆಟ್ಯೂಸ್‌ನ ಒಳ ಎಳೆ ಎಲೆಗಳ ಅಂಚು ಸುಟ್ಟಂತಾದರೆ ಆ ಎಲೆಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ. ದ್ರಾವಣದಲ್ಲಿ ಅದು ಇದ್ದರೂ ಗಿಡದ ಸುತ್ತ ಗಾಳಿಯಾಡದೆ ಎಲೆ ನೀರನ್ನು ಆವಿಯಾಗಿಸದಿದ್ದಾಗ ಹೀಗಾಗುತ್ತದೆ. ಇಸಿ ಸ್ವಲ್ಪ ಇಳಿಸಿ, ಗಿಡಗಳ ನಡುವೆ ಗಾಳಿ ಓಡಾಡುವಂತೆ ಮಾಡಿ. ಸಸ್ಯಹೇನು, ಬಿಳಿನೊಣಗಳಿಗೆ ಹಳದಿ ಅಂಟು ಹಾಳೆ ತೂಗುಹಾಕುವುದು, ಎಲೆಯ ಹಿಂಬದಿಯನ್ನು ನೀರಿನ ಜೋರು ಧಾರೆಯಿಂದ ತೊಳೆಯುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ಕಟಾವು ಮತ್ತು ಮುಂದಿನ ಬೆಳೆ

ಬಿಡಿ ಎಲೆಯ ಲೆಟ್ಯೂಸ್ ಅನ್ನು ಬೆಳಗಿನ ತಂಪಿನಲ್ಲಿ, ಹೊರಗಿನ ಎಲೆಗಳಿಂದ ಆರಂಭಿಸಿ ಕೀಳಿ. ನಡುವಿನ ನಾಲ್ಕೈದು ಎಲೆ ಉಳಿಸಿದರೆ ಮತ್ತೆರಡು ಸಲ ಕೊಯ್ಲು ಸಿಗುತ್ತದೆ. ನಡುವಿನ ದಂಟು ಮೇಲಕ್ಕೇಳಲು ಹೊರಟಿತೆಂದರೆ ಎಲೆ ಕಹಿಯಾಗುವ ಸೂಚನೆ, ಅಂದೇ ಪೂರ್ತಿ ಗಿಡ ತೆಗೆಯಿರಿ. ಪಾಲಕ್ ಇನ್ನೂ ಹೆಚ್ಚು ಸಲ ಚಿಗುರುತ್ತದೆ. ಆರೂ ಗಿಡಗಳನ್ನು ಒಂದೇ ದಿನ ಬಿತ್ತಿದರೆ ಒಂದೇ ವಾರದಲ್ಲಿ ಸೊಪ್ಪು ರಾಶಿಯಾಗುವುದರಿಂದ, ಎರಡನೆಯ ಪೆಟ್ಟಿಗೆಗೆ ಎರಡು ವಾರ ಬಿಟ್ಟು ಬೀಜ ಹಾಕುವುದು ಮನೆಯ ಬಳಕೆಗೆ ಹೊಂದುತ್ತದೆ. ಎಳೆಯ ಸಸಿಗೂ ಬಲಿತ ಗಿಡಕ್ಕೂ ಬೇಕಾದ ಇಸಿ ಮತ್ತು ನೀರಿನ ಮಟ್ಟ ಬೇರೆಯಾದ್ದರಿಂದ ಎರಡು ವಯಸ್ಸಿನ ಗಿಡಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆರೆಸಬೇಡಿ. ಬೆಳೆ ಮುಗಿದ ಪೆಟ್ಟಿಗೆಯಿಂದ ಬೇರಿನ ಚೂರುಗಳನ್ನೆಲ್ಲ ಆರಿಸಿ ತೆಗೆದು, ಹಾಳೆ, ಕುಂಡ, ಕೊಳವೆ, ಏರ್ ಸ್ಟೋನ್‌ಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿ ಜಾಲಿಸಿ, ಜೇಡಿಗುಂಡುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಂದು ದಿನ ಬಿಸಿಲಿಗೆ ಒಣಗಿಸಿದ ಮೇಲೆಯೇ ಹೊಸ ನೀರು ತುಂಬಿಸಿ.